ಮೊದಲ ಉಡಕ್ಕೆ ಅರ್ಧ ಟನ್ ಮಣ್ಣು

ಮಂಡ್ಯದ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೋಗುತ್ತಿದ್ದಾಗ ಒಂದು ಉಡ ಅಡ್ಡ ಬಂತು. ಕಬ್ಬಿನ ಗದ್ದೆಯಿಂದ ಹೊರಬಿದ್ದು, ಸೀಳು ನಾಲಿಗೆ ಚಾಚುತ್ತಾ ನಿಧಾನಕ್ಕೆ ದಾಟಿತು. ನಡೆಯುವಾಗ ಅದರ ಗಂಟಲು ಕುಲುಮೆಯ ತಿದಿಯ ಹಾಗೆ ಉಬ್ಬಿ ಇಳಿಯುತ್ತಿತ್ತು.

ಜೊತೆಗಿದ್ದ ಅಕ್ಕನ ಮಗ ಕೇಳಿದ, “ಮಾವ, ಉಡ ಸಾಕಿ ಮರಿ ಮಾಡಿಸಬೇಕು ಅಂದ್ರೆ ಮೊದಲು ಯಾವ ಜಾತಿ ತರಬೇಕು?”

ಇದನ್ನಂತೂ ಅಲ್ಲ. ನಮ್ಮ ದೇಶದ ನಾಲ್ಕೂ ಜಾತಿಯ ಉಡಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹಿಡಿದರೆ ಕನಿಷ್ಠ 3 ವರ್ಷ ಜೈಲು. ವಿದೇಶಿ ಉಡವಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು, ಸತ್ತರೂ ತಿಳಿಸಬೇಕು. ಕಾಗದಪತ್ರ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡ ಅಂದೆ.

ಆಮೇಲೆ ಆ ಗಂಟಲಿನ ಮಾತಿಗೆ ಬಂದೆ. ಹಲ್ಲಿ ಕುಲದ ಪ್ರಾಣಿಗಳು ಓಡುವಾಗ ಮೈಯನ್ನು ಆಚೀಚೆ ಬಳುಕಿಸುತ್ತವೆ. ಬಳುಕಿಸುವ ಸ್ನಾಯುಗಳೇ ಉಸಿರೆಳೆಯಲೂ ಬೇಕು. ಎರಡೂ ಕೆಲಸ ಒಟ್ಟಿಗೆ ಸರಿಯಾಗಿ ಆಗುವುದಿಲ್ಲ, ಬೇಗ ಸುಸ್ತಾಗುತ್ತವೆ. ಉಡ ಇದಕ್ಕೊಂದು ಉಪಾಯ ಕಂಡುಕೊಂಡಿದೆ. ಗಂಟಲನ್ನೇ ಪಂಪ್ ಮಾಡಿಕೊಂಡು ಗಾಳಿಯನ್ನು ಶ್ವಾಸಕೋಶಕ್ಕೆ ದಬ್ಬುತ್ತದೆ. ಆಫ್ರಿಕಾದ ಸವನ್ನಾ ಉಡವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಎಕ್ಸ್-ರೇ ವಿಡಿಯೊದಲ್ಲಿ ಇದನ್ನು ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅಂದರೆ ಇದು ದಿನವಿಡೀ ಅಲೆದು ಹುಡುಕಿ ತಿನ್ನುವ ಪ್ರಾಣಿ. ಗಾಜಿನ ಪೆಟ್ಟಿಗೆಯಲ್ಲಿ ಸುಮ್ನೆ ಕೂರುವ ಜಾತಿ ಅಲ್ಲ.

ವಿಚಿತ್ರ ಅಂದರೆ, ವಿದೇಶದಲ್ಲಿ ಸುಮಾರು ಜನ ಮೊದಲು ತರುವುದು ಇದೇ ಸವನ್ನಾ ಉಡವನ್ನು. ಪಶ್ಚಿಮ ಆಫ್ರಿಕಾದಿಂದ ರಾಶಿರಾಶಿ ಬರುತ್ತದೆ, ಅಗ್ಗ. ಕಾಡಿನಲ್ಲಿ ಹುಳಹುಪ್ಪಟೆ, ಬಸವನಹುಳು ತಿನ್ನುವ ಅದಕ್ಕೆ ಮನೆಯಲ್ಲಿ ಇಲಿ ಮೇಲೆ ಇಲಿ ಹಾಕಿ ಬೊಜ್ಜು ಬರಿಸುತ್ತಾರೆ. ಪಾಪ, ಅಲ್ವಾ? ನೀರು ಉಡವೋ 2 ಮೀಟರ್ ದಾಟಿ ಬೆಳೆಯುತ್ತದೆ. ಅದರ ಮಾತೇ ಬೇಡ.

ನನ್ನ ಓಟು ಆಸ್ಟ್ರೇಲಿಯಾದ ಮುಳ್ಳುಬಾಲದ ಉಡಕ್ಕೆ. ಸಾಕುವವರು ‘ಆಕಿ’ ಅನ್ನುತ್ತಾರೆ. ಬಾಲ ಸೇರಿ 60–70 ಸೆಂ.ಮೀ. ಜಿರಳೆ, ಮಿಡತೆ ಕೊಟ್ಟರೆ ಸಾಕು. ಸಾಕಿದ ಕಡೆ ಮರಿ ಮಾಡುವುದೂ ಹೊಸದಲ್ಲ. ಆದರೆ ದೀಪದ ಕೆಳಗಿನ ಕಲ್ಲು 50–60 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಬೇಕು. ಪೆಟ್ಟಿಗೆಯ ಇನ್ನೊಂದು ತುದಿ ತಂಪಾಗಿರಬೇಕು, ಇಲ್ಲದಿದ್ದರೆ ಬೆಂದೇ ಹೋಗುತ್ತದೆ. ಮರಿಯಲ್ಲಿ ಗಂಡು ಹೆಣ್ಣು ಗೊತ್ತಾಗುವುದು ಕಷ್ಟ. ಜೋಡಿ ಅಂತ ತಂದದ್ದು ಎರಡೂ ಗಂಡೇ ಆದೀತು.

ಎಲ್ಲಕ್ಕಿಂತ ಮುಖ್ಯ ಮಣ್ಣು. ಹೆಣ್ಣು ಬಿಲ ತೋಡಿಯೇ ಮೊಟ್ಟೆ ಇಡುತ್ತದೆ. ಜಾಗ ಹಿಡಿಸದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಹೆಣ್ಣೇ ಸಾಯಲೂಬಹುದು. ಅದಕ್ಕೇ ಮರಳು ಬೆರೆತ, ಸ್ವಲ್ಪ ಪಸೆಯಿರುವ ಮಣ್ಣು ಒಂದೂವರೆ ಅಡಿಯಾದರೂ ಆಳ ಇರಬೇಕು.

ಹುಡುಗ ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಮಣ್ಣು. ಹೆಚ್ಚುಕಡಿಮೆ ಅರ್ಧ ಟನ್.

ಮೈಸೂರಿನಲ್ಲಿ ಅವರದು ಬಾಡಿಗೆ ಮನೆ. ಎರಡನೇ ಮಹಡಿ.

“ಮಾವ,” ಅಂದ, “ನಿಮ್ಮ ಮನೆ ನೆಲದ ಮೇಲೇ ಇದೆಯಲ್ವಾ?”