ಪಿಯುಸಿಯ ಮೊದಲ ದಿನ: ಒಂದು ದಾರ, ಒಂದು ಕಲ್ಲು

ಕೆಲಸಕ್ಕೆ ಸೇರಿದ ವರ್ಷ ಫಸ್ಟ್ ಪಿಯುಸಿ ಕ್ಲಾಸಿಗೆ ಹೋದವನೇ ಬೋರ್ಡಿನ ಮೇಲೆ 14 ನಿಯಮ ಬರೆದಿದ್ದೆ. ಎಂಟನೆಯದು ಇನ್ನೂ ನೆನಪಿದೆ: ಬೆಲ್ ಆದ ಮೇಲೆ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಮಕ್ಕಳು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಬರೆದುಕೊಂಡರು. ಮೂರನೇ ದಿನ ಒಬ್ಬ ಹುಡುಗ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ನಿಂತ. ಹೊರಗೇ ನಿಲ್ಲಿಸಿದೆ. ನಾಲ್ಕನೇ ದಿನವೂ ಅವನೇ, ಅದೇ ಹೊತ್ತಿಗೆ. ಕೇಳಿದರೆ, ‘ಸರ್, ನಮ್ಮೂರಿಗೆ ಇರೋದೇ ಒಂದ್ ಬಸ್ಸು’ ಅಂದ. ಅದೇ ಬಸ್ಸಿಗೆ ಬರುವ ಇನ್ನೂ ನಾಲ್ಕು ಮಕ್ಕಳು ನನ್ನ ಪೀರಿಯಡ್ಡಿನ ಆಸೆಯನ್ನೇ ಬಿಟ್ಟು ಗೇಟಿನ ಹತ್ತಿರ ಮರದಡಿ ಕೂತಿರುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಎಂಟನೇ ನಿಯಮ ವಾರದೊಳಗೆ ಬಿತ್ತು. ಬೀಳುವಾಗ ಉಳಿದ ಹದಿಮೂರನ್ನೂ ಎಳೆದುಕೊಂಡು ಹೋಯಿತು. ಈ ಮೇಷ್ಟ್ರು ಹೇಳೋದು ಒಂದು, ನಡೆಯೋದು ಇನ್ನೊಂದು ಅಂತ ಮಕ್ಕಳಿಗೆ ಅರ್ಥವಾಗಿಬಿಟ್ಟಿತ್ತು.

ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾ ಇಪ್ಪತ್ತು ವರ್ಷ ದಾಟಿದೆ. ಈಗ ಮೊದಲ ದಿನ ಬೋರ್ಡಿನ ಮೇಲೆ ನಿಯಮ ಬರೆಯೋದಿಲ್ಲ. ಕೈಯಲ್ಲಿ ಒಂದು ಚೀಲ ಇರುತ್ತದೆ. ಒಳಗೆ ಗೋಣಿ ದಾರ, ಸಣ್ಣ ದೊಡ್ಡ ಕಲ್ಲುಗಳು, ಅಳತೆ ಟೇಪು, ಲ್ಯಾಬಿನಿಂದ ತಂದ ಸ್ಟಾಪ್‌ವಾಚುಗಳು.

ಮೊದಲು ಎದುರಿಗೆ ಯಾರು ಕೂತಿದ್ದಾರೆ ಅಂತ ಹೇಳಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಕ್ಕಳು ಅರ್ಧಕ್ಕಿಂತ ಜಾಸ್ತಿ. ಯಾರೂ ಹೇಳದಿದ್ದರೂ ಅವರು ಹಿಂದಿನ ಬೆಂಚುಗಳಿಗೆ ಹೋಗಿ ಕೂತಿರುತ್ತಾರೆ. ಪಠ್ಯಪುಸ್ತಕ ಪೂರ್ತಿ ಇಂಗ್ಲಿಷ್. ಮೊದಲ ದಿನವೇ ‘ಇದು ಹೈಸ್ಕೂಲಲ್ಲ, 600 ತೆಗೆದವರೇ ಇಲ್ಲಿ ಮಕಾಡೆ ಮಲಗಿದ್ದಾರೆ’ ಅಂತ ಹೆದರಿಸುವ ಪದ್ಧತಿ ನಮ್ಮಲ್ಲಿ ಇದೆ. ಹೇಳುವವರಿಗೆ ಮಕ್ಕಳ ಮೇಲೆ ಕಾಳಜಿ ಇರೋದೂ ನಿಜ. ಆದರೆ ಆ ಮಾತು ಮುಂದಿನ ಬೆಂಚಿಗೆ ತಟ್ಟೋದೇ ಇಲ್ಲ, ಸೀದಾ ಹಿಂದಿನ ಬೆಂಚಿಗೆ ಹೋಗಿ ತಗಲುತ್ತದೆ. ಹದಿನೈದು ದಿನಕ್ಕೆ ಅಲ್ಲಿಂದ ಒಬ್ಬಿಬ್ಬರು ಆರ್ಟ್ಸ್‌ಗೆ ಬದಲಾಯಿಸಿಕೊಡಿ ಅಂತ ಆಫೀಸಿನ ಮುಂದೆ ನಿಂತಿರುತ್ತಾರೆ.

ಹಾಗಾಗಿ ಮಾತಿಗಿಂತ ಮೊದಲು ಕೆಲಸ ಹಚ್ಚುತ್ತೇನೆ. ಐದೈದು ಮಂದಿಯ ಗುಂಪು. ಹಿಂದಿನ ಬೆಂಚಿನವರು, ಮುಂದಿನವರು ಕಲೆಯುವ ಹಾಗೆ ನಾನೇ ಕೂಡಿಸುತ್ತೇನೆ. ಒಬ್ಬರು ಬೆಂಚು ಹತ್ತಿ ದಾರ ಹಿಡಿಯಬೇಕು. ಒಬ್ಬರು ಅಳೆಯಬೇಕು, ಒಬ್ಬರು ಎಣಿಸಬೇಕು, ಒಬ್ಬರ ಕೈಗೆ ಸ್ಟಾಪ್‌ವಾಚು, ಇನ್ನೊಬ್ಬರು ಬರೆಯಬೇಕು. ಬೆಂಚು ಹತ್ತು ಅಂದ ಕೂಡಲೇ ನಗು ಶುರುವಾಗುತ್ತದೆ. ಅದು ಶಿಕ್ಷೆ ಅಂತ ಮಾತ್ರ ಅವರಿಗೆ ಗೊತ್ತು.

ದಾರ ಹಿಡಿದ ಬೆರಳಿನಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್. ಸ್ವಲ್ಪವೇ ಎಳೆದು ಬಿಡಬೇಕು. ಹೋಗಿ ವಾಪಸ್ ಬಂದರೆ ಒಂದು ಆಂದೋಲನ. ಇಪ್ಪತ್ತಕ್ಕೆ ಎಷ್ಟು ಸೆಕೆಂಡ್? ಎಲ್ಲ ಕಡೆಯಿಂದ ಹೆಚ್ಚು ಕಡಿಮೆ 40 ಅಂತ ಬರುತ್ತದೆ. ಈಗ ದೊಡ್ಡ ಕಲ್ಲು ಕಟ್ಟಿದರೆ? ಮೊದಲು ಊಹೆ, ಕೈ ಎತ್ತಿ ಹೇಳಬೇಕು. ಜೋರಾಗಿ ಹೋಗುತ್ತೆ ಅನ್ನುವವರು ಒಂದಷ್ಟು, ನಿಧಾನ ಆಗುತ್ತೆ ಅನ್ನುವವರು ಒಂದಷ್ಟು. ಕಟ್ಟಿ ನೋಡಿದರೆ ಮತ್ತೆ 40. ದಾರವನ್ನು ಕಾಲು ಭಾಗಕ್ಕೆ, ಅಂದರೆ 25 ಸೆಂಟಿಮೀಟರಿಗೆ ಇಳಿಸಿದರೆ? ಎಲ್ಲರೂ ಒಟ್ಟಿಗೆ ‘ಹತ್ತು ಸೆಕೆಂಡ್!’ ಅನ್ನುತ್ತಾರೆ. ಬರೋದು 20. ಆಗ ಕ್ಲಾಸು ಒಂದು ನಿಮಿಷ ಗಪ್‌ಚುಪ್. ಯಾಕೆ ಅಂತ ನಾನು ಹೇಳೋದಿಲ್ಲ. ಆ ಪಾಠ ಇರೋದು ಪುಸ್ತಕದ ಕೊನೆಗೆ. ಅಷ್ಟರೊಳಗೆ ಹೊಳೆದವರು ಸ್ಟಾಫ್ ರೂಮಿಗೆ ಬಂದು ಹೇಳಿ ಅನ್ನುತ್ತೇನೆ. ಒಬ್ಬರಾದರೂ ಬಂದೇ ಬರುತ್ತಾರೆ.

ಹೋದ ವರ್ಷ ಹುಡುಗಿಯರ ಒಂದು ಗುಂಪಿಗೆ 38 ಬಂತು. ಬರೆಯುವ ಹುಡುಗಿ 38 ಅಂತ ಬರೆದು ಕೂತಿದ್ದಳು. ಪಕ್ಕದವಳು ಮೊಣಕೈಯಲ್ಲಿ ತಿವಿದು, ‘ಎಲ್ರದ್ದೂ 40 ಕಣೇ, ತಿದ್ದು’ ಅಂದಳು. ಇವಳು ಪೆನ್ನನ್ನು ಅಂಕಿಯ ಮೇಲೆ ಹಿಡಿದು ನನ್ನ ಮುಖ ನೋಡಿದಳು. ತಿದ್ದಬೇಡ, ಇನ್ನೊಂದು ಸಲ ಮಾಡಿ ತೋರಿಸಿ ಅಂದೆ. ಮತ್ತೆ 38. ಮೂರನೇ ಸಲ ಎಣಿಸುವವಳ ಹತ್ತಿರ ಹೋಗಿ ನಿಂತೆ. ಕಲ್ಲು ಬಿಟ್ಟ ತಕ್ಷಣ ಅವಳು ‘ಒಂದು’ ಅಂದಳು.

ಅಲ್ಲೇ ಇತ್ತು ನೋಡಿ. ಬಿಟ್ಟ ಕ್ಷಣಕ್ಕೆ ಇನ್ನೂ ಒಂದೂ ಆಂದೋಲನ ಆಗಿರೋದಿಲ್ಲ, ಅದು ಸೊನ್ನೆ. ಒಂದರಿಂದ ಹಿಡಿದು ಇಪ್ಪತ್ತು ಅನ್ನುವಾಗ ಆಗಿರೋದು 19. ಒಂದಕ್ಕೆ ಎರಡು ಸೆಕೆಂಡಿನ ಹಾಗೆ 19ಕ್ಕೆ 38. ಅವರ ಗಡಿಯಾರ ಸರಿಯಿತ್ತು, ದಾರ ಸರಿಯಿತ್ತು, ಬರೆದದ್ದೂ ಸರಿಯಿತ್ತು. ಎಣಿಕೆ ಮಾತ್ರ ಜಾರಿತ್ತು. 38ನ್ನು 40 ಮಾಡಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ 38ನ್ನು, ಬರೆದಿದ್ದ ಹುಡುಗಿಯ ಕೈಯಲ್ಲೇ ಬೋರ್ಡಿನ ಮೇಲೆ ಬರೆಸಿದೆ.

ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಥಿಯರಿ 70, ಪ್ರಾಕ್ಟಿಕಲ್ 30. ಆ ಮೂವತ್ತಕ್ಕಾಗಿ ರೀಡಿಂಗ್ ‘ಕುಕ್’ ಮಾಡೋದು ಲ್ಯಾಬುಗಳ ಹಳೇ ರೋಗ. ಉತ್ತರ ಮೊದಲೇ ಗೊತ್ತು, ಹಿಂದಿನಿಂದ ಲೆಕ್ಕ ಹಾಕಿ ಅಂಕಿ ತುಂಬಿಸಿದರೆ ಆಯಿತು, ಅಲ್ವಾ? ನಾನೂ ವಿದ್ಯಾರ್ಥಿಯಾಗಿದ್ದಾಗ ತುಂಬಿಸಿದವನೇ. ಅದಕ್ಕೇ ಮಕ್ಕಳಿಂದ ನಾನು ಮೊದಲ ದಿನ ಬಯಸುವ ಮೊದಲ ವಿಷಯ ಇದು: ಬಂದದ್ದನ್ನೇ ಬರೆಯಿರಿ, ನಾನು ಅಂಕ ಕಳೆಯಲ್ಲ. ಸುಮ್ನೆ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಬೋರ್ಡಿನ ಮೇಲೆ 38 ಇದ್ದದ್ದರಿಂದ ನಂಬಿದರು.

ಎರಡನೆಯದು, ಕನ್ನಡದಲ್ಲಿ ಕೇಳಬಹುದು. ಇದನ್ನೂ ಬರೀ ಬಾಯಲ್ಲಿ ಹೇಳಿದರೆ ಆಗೋದಿಲ್ಲ. ಅಕ್ಸೆಲರೇಷನ್, ಡಿಸ್‌ಪ್ಲೇಸ್‌ಮೆಂಟ್ ಅಂತ ಬೋರ್ಡಿನ ಮೇಲೆ ಬರೆದು, ಕನ್ನಡದಲ್ಲಿ ಏನಂತಾರೆ ಅಂತ ಕೇಳುತ್ತೇನೆ. ಮುಂದಿನ ಬೆಂಚು ಸುಮ್ಮನಿರುತ್ತದೆ. ಹಿಂದಿನಿಂದ ಮೆಲ್ಲಗೆ ‘ವೇಗೋತ್ಕರ್ಷ’ ಅಂತ ಬರುತ್ತದೆ. ಬಿಡಿಸಿ ಹೇಳು ಅಂದರೆ, ವೇಗ ಏರೋದು ಸರ್ ಅನ್ನುತ್ತಾರೆ. ‘ಸ್ಥಾನಪಲ್ಲಟ’ಕ್ಕಂತೂ ಬಿಡಿಸುವ ಕೆಲಸವೇ ಇಲ್ಲ. ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ, ಎರಡೂ ಬೇರೆ ಬೇರೆ ಅನ್ನೋದು ಕನ್ನಡ ಮಾಧ್ಯಮದವರಿಗೆ ಒಂಬತ್ತನೇ ತರಗತಿಯಲ್ಲೇ ಬಂದಿರುತ್ತದೆ. ಬ್ರೇಕ್ ಹಾಕಿದಾಗ ವೇಗ ಇಳಿಯುತ್ತಲ್ಲ, ಅದಕ್ಕೆ ಏನಂತೀರಿ ಅಂತ ಕೇಳಿದರೆ ಎರಡೂ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಅದೂ ಅಕ್ಸೆಲರೇಷನ್ನೇ. ಅಲ್ಲಿಗೆ ಎಲ್ಲರೂ ಒಂದೇ ದೋಣಿಯಲ್ಲಿ. ಕೆಲವು ಮೇಷ್ಟ್ರು ಇದರಿಂದ ಇಂಗ್ಲಿಷ್ ಕಲಿಯೋದು ತಡವಾಗುತ್ತದೆ ಅನ್ನುತ್ತಾರೆ. ನನಗೆ ಹಾಗೆ ಕಂಡಿಲ್ಲ. ಗೊತ್ತಿರುವ ವಿಷಯಕ್ಕೆ ಹೊಸ ಹೆಸರು ಕಲಿಯೋದು ಎಷ್ಟು ಹೊತ್ತು?

ಹಾಜರಾತಿ 75 ಪರ್ಸೆಂಟ್, ಅದು ಇಲಾಖೆಯ ನಿಯಮ, ಅದರಲ್ಲಿ ಚೌಕಾಸಿ ಇಲ್ಲ ಅಂತ ಒಂದೇ ಮಾತಲ್ಲಿ ಮುಗಿಸುತ್ತೇನೆ. ಮೊಬೈಲು ಬ್ಯಾಗಿನಲ್ಲಿ. ಅಷ್ಟೇ.

ಕೊನೇ ಐದು ನಿಮಿಷಕ್ಕೆ ಒಂದೊಂದು ಚೀಟಿ. ಯಾವ ಹೆಸರಿನಿಂದ ಕರೆಯಬೇಕು, ಯಾವ ಊರು, ಬಸ್ಸು ಎಷ್ಟು ಗಂಟೆಗೆ ಬಂದು ಬಿಡುತ್ತದೆ, ಯಾವುದಕ್ಕೆ ಹೆದರಿಕೆ. ಎಸ್ಸೆಸ್ಸೆಲ್ಸಿ ಅಂಕ ಕೇಳೋದಿಲ್ಲ, ಅದು ಆಫೀಸಿನ ಫೈಲಿನಲ್ಲಿ ಹೇಗೂ ಇದೆ. ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಎಲ್ಲರೆದುರು ಎದ್ದು ನಿಲ್ಲಿಸಿ ಕೇಳೋದಂತೂ ಬೇಡವೇ ಬೇಡ. ಬಸ್ಸಿನ ಚೀಟಿ ನೋಡಿದ ಮೇಲೆ ಮೊದಲ ಪೀರಿಯಡ್ಡಿನ ಮೊದಲ ಹತ್ತು ನಿಮಿಷ ಹೊಸ ಪಾಠ ತೆಗೆಯೋದಿಲ್ಲ, ಹಿಂದಿನ ದಿನದ ಲೆಕ್ಕ ಬಿಡಿಸುತ್ತೇನೆ. ತಡವಾಗಿ ಬಂದವರು ಬಾಗಿಲಲ್ಲಿ ಪರ್ಮಿಷನ್ ಕೇಳದೆ ಸೀದಾ ಬಂದು ಕೂರಬೇಕು.

ನಮ್ಮ ಕಾಲೇಜುಗಳಲ್ಲಿ ಮೊದಲ ದಿನ ಅನ್ನೋದು ಒಂದೇ ದಿನ ಇರೋದಿಲ್ಲ, ಇದೊಂದು ತಾಪತ್ರಯ. ಅಡ್ಮಿಷನ್ ವಾರಗಟ್ಟಲೆ ನಡೆಯುತ್ತದೆ. ಎಸ್ಸೆಸ್ಸೆಲ್ಸಿಗೆ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಎರಡನೆಯದರಲ್ಲಿ ಪಾಸಾದವರು ಬರುವಾಗ ಮೊದಲ ಪಾಠವೇ ಮುಗಿಯುತ್ತಾ ಬಂದಿರುತ್ತದೆ. ಹಾಗೆ ಬಂದ ಹುಡುಗರು ಗೋಡೆ ಬದಿಗೆ ಒತ್ತಿಕೊಂಡು ಕೂರುತ್ತಾರೆ. ಅವರಿಗಾಗಿ ದಾರದ ಚೀಲ ಕ್ಲಾಸಿನ ಕಪಾಟಿನಲ್ಲೇ ಇಟ್ಟಿರುತ್ತೇನೆ. ಹೋದ ವರ್ಷ ಹಾಗೆ ತಡವಾಗಿ ಬಂದವಳೊಬ್ಬಳನ್ನು ಬೆಂಚು ಹತ್ತಿಸಿ, ಕೈಗೆ ದಾರ ಕೊಟ್ಟಿದ್ದು ನಾನಲ್ಲ. 38ರ ಹುಡುಗಿ. ‘ನಾನ್ ಎಣಿಸ್ತೀನಿ’ ಅಂದಳು. ಕಲ್ಲು ಬಿಟ್ಟ ತಕ್ಷಣ ಇಡೀ ಕ್ಲಾಸಿಗೆ ಕೇಳುವ ಹಾಗೆ ‘ಸೊನ್ನೆ!’ ಅಂತ ಕೂಗಿದಳು.