ವಿಂಡೋಸ್ ತೆಗೆಯದೆ ಲಿನಕ್ಸ್ ಬಳಸಿ ನೋಡಬಹುದೇ?

ಪ್ರಶ್ನೆ: ತೋಟದ ಲೆಕ್ಕಪತ್ರಕ್ಕೆ ಬಳಸುತ್ತಿರುವ ನಮ್ಮ ಲ್ಯಾಪ್‌ಟಾಪ್ 2016ರಲ್ಲಿ ಕೊಂಡದ್ದು. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಈ ಯಂತ್ರಕ್ಕೆ ವಿಂಡೋಸ್ 11 ಆಗಿಬರುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಮಗಳು ಲಿನಕ್ಸ್ ಹಾಕಿಸಿ ಎನ್ನುತ್ತಾಳೆ. ಬಟವಾಡೆಯ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬರೆದ ಕನ್ನಡ ಪತ್ರಗಳು ಎಲ್ಲವೂ ಇದರಲ್ಲೇ ಇವೆ. ಇರುವುದನ್ನು ಕಳೆದುಕೊಳ್ಳದೆ ಲಿನಕ್ಸನ್ನು ಒಮ್ಮೆ ನೋಡಲು ಸಾಧ್ಯವೇ?
(ಒಬ್ಬ ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು)

ಉತ್ತರ: ಸಾಧ್ಯವಿದೆ. ಲಿನಕ್ಸ್ ಕೂಡ ವಿಂಡೋಸ್‌ನಂತೆಯೇ ಯಂತ್ರವನ್ನು ನಡೆಸುವ ತಂತ್ರಾಂಶ (ಆಪರೇಟಿಂಗ್ ಸಿಸ್ಟಂ). ಆದರೆ ಲಿನಕ್ಸನ್ನು ಬಳಸಿ ನೋಡುವುದು ಬೇರೆ, ಅದನ್ನು ಹಾರ್ಡ್‌ಡಿಸ್ಕ್‌ಗೆ ಹಾಕುವುದು ಬೇರೆ. ಅಂಗಡಿಯಲ್ಲಿ "ಲಿನಕ್ಸ್ ಹಾಕಿಕೊಡಿ" ಎಂದರೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವುದೆಂದೇ ಸಾಮಾನ್ಯವಾಗಿ ಅರ್ಥಮಾಡಿಕೊಳ್ಳುತ್ತಾರೆ. ಆದುದರಿಂದ ಯಂತ್ರವನ್ನು ಹಾಸನಕ್ಕೆ ಒಯ್ಯುವ ಮೊದಲು ಮನೆಯಲ್ಲಿಯೇ, ಹಾರ್ಡ್‌ಡಿಸ್ಕ್‌ನಲ್ಲಿರುವ ಏನನ್ನೂ ಬದಲಿಸದೆ, ಒಂದು ಪೆನ್‌ಡ್ರೈವ್‌ನಿಂದ ವಾರದ ಮಟ್ಟಿಗೆ ಬಳಸಿ ನೋಡಿರಿ ಎಂಬುದು ನನ್ನ ಸಲಹೆ.

ಅಂಗಡಿಯವರ ಮಾತು ಬಹುಮಟ್ಟಿಗೆ ನಿಜ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ಮುಂದಿನ ತಲೆಮಾರಿನ ಪ್ರೊಸೆಸರೂ ಬೇಕು. 2016ರ ಯಂತ್ರದಲ್ಲಿ ಅಂಥ ಪ್ರೊಸೆಸರ್ ಇರಲು ಸಾಧ್ಯವಿಲ್ಲ. ಯಂತ್ರ ಕೆಟ್ಟಿಲ್ಲ, ಅದರ ಮೇಲೆ ನಡೆಯುವ ತಂತ್ರಾಂಶದ ನಿಯಮ ಬದಲಾಗಿದೆ, ಅಷ್ಟೆ. ಲಿನಕ್ಸ್‌ನ ಅನೇಕ ಆವೃತ್ತಿಗಳು ಇಂತಹ ಯಂತ್ರಗಳಲ್ಲಿ ಇಂದಿಗೂ ಸಲೀಸಾಗಿ ನಡೆಯುತ್ತವೆ.

ಲಿನಕ್ಸ್ ಎಂಬುದು ನಿನ್ನೆ ಮೊನ್ನೆಯದಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದರ ತಿರುಳನ್ನು ಬರೆದರು. ನಿಮ್ಮ ಮಗಳ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನಾದರೆ ಅದರ ತಿರುಳೂ ಲಿನಕ್ಸೇ. ಇದನ್ನು ಬಿಟ್ಟಿ ಸಿಗುವ ಸರಕೆಂದು ತಿಳಿದು ಕೆಲವರು ಮೂಗು ಮುರಿಯುತ್ತಾರೆ. ಹಣ ಕೊಡಬೇಕಿಲ್ಲವೆಂಬುದು ನಿಜವಾದರೂ, ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬ ಕಾರಣಕ್ಕೆ ಅದನ್ನು ಮುಕ್ತ ತಂತ್ರಾಂಶವೆನ್ನುತ್ತೇವೆ.

ಆವೃತ್ತಿಗಳು ನೂರಾರಿವೆ, ಹೊಸಬರು ಅವುಗಳ ಹೋಲಿಕೆಯಲ್ಲೇ ತಿಂಗಳು ಕಳೆಯುವುದನ್ನು ಕಂಡಿದ್ದೇನೆ. ನಿಮಗೆ ಲಿನಕ್ಸ್ ಮಿಂಟ್ ಸಾಕು, ಮೆಮೊರಿ 4 ಜಿಬಿ ಮಾತ್ರ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಇರುವುದರಿಂದ ವಿಂಡೋಸ್ ಬಳಸಿದವರಿಗೆ ಅಪರಿಚಿತವೆನ್ನಿಸುವುದಿಲ್ಲ. ಡೌನ್‌ಲೋಡ್ ಮಾಡಬೇಕಾದ ಕಡತ ಸುಮಾರು 3 ಜಿಬಿಯಷ್ಟಿದೆ. ತೋಟದ ಮನೆಯಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿದ್ದರೆ ಪೇಟೆಯಲ್ಲಿ ಇಳಿಸಿಕೊಂಡು ಬನ್ನಿರಿ, ಏಕೆಂದರೆ ಅರ್ಧದಲ್ಲಿ ಕೆಟ್ಟ ಕಡತ ನೋಡಲು ಸರಿಯಾಗಿಯೇ ಕಂಡು ಆಮೇಲೆ ಕಾಡುತ್ತದೆ. ಕಡತವನ್ನು ಪೆನ್‌ಡ್ರೈವ್‌ಗೆ ಬರಿದೇ ಕಾಪಿ ಮಾಡಿದರೆ ಅದರಿಂದ ಯಂತ್ರ ಆರಂಭವಾಗುವುದಿಲ್ಲ (ಬೂಟ್ ಆಗುವುದಿಲ್ಲ). ರೂಫಸ್‌ನಂತಹ ಉಚಿತ ತಂತ್ರಾಂಶದಿಂದ ಬರೆಯಬೇಕು. ಹಾಗೆ ಬರೆಯುವಾಗ ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುವುದರಿಂದ 8 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದನ್ನು ಇದಕ್ಕೆಂದೇ ಇರಿಸಿಕೊಳ್ಳಿರಿ.

ಇನ್ನು ಲ್ಯಾಪ್‌ಟಾಪನ್ನು ಆ ಪೆನ್‌ಡ್ರೈವ್‌ನಿಂದ ಎಬ್ಬಿಸಬೇಕು. ಆನ್ ಮಾಡಿದ ಕೂಡಲೇ ಡೆಲ್ ಮತ್ತು ಹಲವು ಲೆನೊವೊ ಯಂತ್ರಗಳಲ್ಲಿ ಎಫ್12, ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎಫ್9 ಒತ್ತುತ್ತಿದ್ದರೆ ಯಾವುದರಿಂದ ಆರಂಭಿಸಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಅಲ್ಲಿ ಪೆನ್‌ಡ್ರೈವ್ ಆಯ್ದುಕೊಳ್ಳಿರಿ. ಒಂದೆರಡು ನಿಮಿಷದಲ್ಲಿ ಪೂರ್ಣ ಲಿನಕ್ಸ್ ಪರದೆ ತೆರೆದುಕೊಳ್ಳುತ್ತದೆ. ಇದು ನಡೆಯುವುದು ಮೆಮೊರಿಯಲ್ಲಿ. ಪರದೆಯ ಮೇಲಿರುವ ಇನ್‌ಸ್ಟಾಲ್ ಚಿಹ್ನೆಯನ್ನು ನೀವಾಗಿ ಒತ್ತುವವರೆಗೆ ವಿಂಡೋಸ್ ತನ್ನ ಜಾಗದಲ್ಲಿ ಹಾಗೆಯೇ ಇರುತ್ತದೆ. ಯಂತ್ರವನ್ನು ಆಫ್ ಮಾಡಿದೊಡನೆ ಲಿನಕ್ಸ್ ನಿಮ್ಮ ವೈಫೈ ಪಾಸ್‌ವರ್ಡ್‌ನಿಂದ ಹಿಡಿದು ಎಲ್ಲವನ್ನೂ ಮರೆಯುವುದರಿಂದ, ಮಾಡಿದ ಕೆಲಸವನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದ ನಡೆಯುವಾಗ ವೇಗ ಕಡಿಮೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿರಿ.

ಪರೀಕ್ಷೆಗೆ ಬೇಕಾದದ್ದು ನಿಮ್ಮದೇ ಕಡತಗಳು. ಬಟವಾಡೆಯ ಎಕ್ಸೆಲ್ ಹಾಳೆಯನ್ನು, ಎಕ್ಸೆಲ್‌ಗೆ ಬದಲಾಗಿ ಮಿಂಟ್‌ನಲ್ಲಿರುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ಆಳಿನ ಹೆಸರು, ದಿನ, ಕೂಲಿ, ಮುಂಗಡ, ಉಳಿಕೆ ಎಂಬ ಕಾಲಂಗಳೂ ಸಮ್, ಇಫ್ ಮುಂತಾದ ಸೂತ್ರಗಳೂ ಇದ್ದಂತೆಯೇ ಬರುತ್ತವೆ. ಯಾರಾದರೂ ಮ್ಯಾಕ್ರೋ (ಹಾಳೆಯಲ್ಲಿ ಕೆಲಸಗಳನ್ನು ತಾನಾಗಿ ಮಾಡಿಸುವ ಆದೇಶಗಳ ಸರಣಿ) ಬರೆದು ಕೊಟ್ಟಿದ್ದರೆ ಅದು ಅರೆಬರೆ ನಡೆಯಬಹುದು ಅಥವಾ ನಡೆಯದಿರಬಹುದು. ಕಳೆದ ವಾರದ ಒಟ್ಟು ಮೊತ್ತವನ್ನು ಪುಸ್ತಕದೊಡನೆ ತಾಳೆ ನೋಡಿರಿ.

ನಿಜವಾಗಿ ಎಡವುವುದು ಕನ್ನಡದಲ್ಲಿ, ಅದರಲ್ಲೂ ಹಳೆಯ ಪತ್ರಗಳಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಪತ್ರವನ್ನು ಲಿನಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ, ನೋಡಿದವರು ಪತ್ರವೇ ಹಾಳಾಯಿತೆಂದು ಗಾಬರಿಯಾಗುತ್ತಾರೆ. ಹಾಳಾಗಿರುವುದಿಲ್ಲ. ಆ ಕಾಲದ ಕಡತಗಳಲ್ಲಿ ಉಳಿದಿರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ, ರೋಮನ್ ಅಕ್ಷರಗಳದು. ಅವಕ್ಕೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಅದೇ ಫಾಂಟಿನ ಕಡತವನ್ನು ವಿಂಡೋಸ್‌ನಿಂದ ತಂದು ಲಿನಕ್ಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಸೇರಿಸಿದರೆ ಪತ್ರ ಮತ್ತೆ ಓದಲು ಬರುತ್ತದೆ. ಆದರೂ ಮುಖ್ಯ ಪತ್ರಗಳನ್ನು ಪರಿವರ್ತಕ ತಂತ್ರಾಂಶದಿಂದ, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸಿಟ್ಟುಕೊಳ್ಳುವುದು ಲೇಸು. ಲಿನಕ್ಸ್ ಬೇಡವೆಂದು ತೀರ್ಮಾನಿಸಿದರೂ ಆ ಶ್ರಮ ವ್ಯರ್ಥವಾಗದು. ಹೊಸದಾಗಿ ಟೈಪ್ ಮಾಡುವುದು ಇದಕ್ಕಿಂತ ಸುಲಭ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪ ವಿನ್ಯಾಸವಿದೆ. ಕೆ ಒತ್ತಿದರೆ ಕ, ಅದರ ನಂತರ ಎಫ್ ಒತ್ತಿದರೆ ಕ್, ಮತ್ತೆ ಕೆ ಒತ್ತಿದರೆ ಕ್ಕ; ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ.

ಪ್ರಿಂಟರ್, ವೈಫೈ, ಕ್ಯಾಮೆರಾ ಇವನ್ನೂ ಅದೇ ವಾರದಲ್ಲಿ ನೋಡಿಬಿಡಿರಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. ಟ್ಯಾಲಿ ವಿಂಡೋಸ್‌ಗಾಗಿ ತಯಾರಾದ ತಂತ್ರಾಂಶ. ನಿಮ್ಮ ಲೆಕ್ಕಿಗರು ಅದನ್ನೇ ಬೇಡುತ್ತಾರಾದರೆ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸಿ ಅರ್ಜಿ ಸಲ್ಲಿಸುವ ಕೆಲಸ ಪದೇ ಪದೇ ಇದ್ದರೆ, ವಿಂಡೋಸನ್ನು ಪೂರ್ತಿ ಬಿಡುವ ಯೋಚನೆ ಸದ್ಯಕ್ಕೆ ಬೇಡ.

ವಾರದ ನಂತರ ಹಾರ್ಡ್‌ಡಿಸ್ಕ್‌ಗೆ ಹಾಕಿಕೊಳ್ಳಬೇಕೆನ್ನಿಸಿದರೆ ಮೊದಲು ಎಲ್ಲ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕ್‌ಗೆ ತೆಗೆದಿಡಿರಿ, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ. ಅನುಸ್ಥಾಪನೆಯ ನಡುವೆ ಎರಡು ಆಯ್ಕೆಗಳು ಒಂದರ ಕೆಳಗೊಂದು ಕಾಣುತ್ತವೆ: ವಿಂಡೋಸ್‌ನ ಪಕ್ಕದಲ್ಲಿ ಹಾಕುವುದು ಒಂದು, ಡಿಸ್ಕನ್ನು ಪೂರ್ತಿ ಅಳಿಸಿ ಹಾಕುವುದು ಇನ್ನೊಂದು. ಮೊದಲ ಸಲ ನಾನು ಅವಸರದಲ್ಲಿ ಎರಡನೆಯದನ್ನು ಒತ್ತಿ ಎರಡು ವರ್ಷಗಳ ಕಂದಾಯ ರಸೀದಿಗಳ ಸ್ಕ್ಯಾನ್ ಪ್ರತಿಗಳನ್ನು ಕಳೆದುಕೊಂಡೆ. ನೀವು ಒತ್ತಬೇಕಾದದ್ದು ಮೊದಲನೆಯದು.

ವಿಂಡೋಸ್, ಲಿನಕ್ಸ್ ಎರಡೂ ಒಂದೇ ಯಂತ್ರದಲ್ಲಿರುವಾಗ ವಿಂಡೋಸ್‌ನ ಗಡಿಯಾರ ಕೆಲವೊಮ್ಮೆ ಐದೂವರೆ ಗಂಟೆ ಹಿಂದೆ ಬೀಳುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಅಂತಾರಾಷ್ಟ್ರೀಯ ಕಾಲಮಾನದಲ್ಲಿ ಇರಿಸುವುದರಿಂದಲೂ ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದೇ ಓದುವುದರಿಂದಲೂ ಹೀಗಾಗುತ್ತದೆ. ಲಿನಕ್ಸ್‌ನಲ್ಲಿ ಒಂದೇ ಆದೇಶದಿಂದ ಇದನ್ನು ಸರಿಪಡಿಸಬಹುದು, ಮಗಳು ಮಾಡಿಕೊಡುತ್ತಾಳೆ. ಹಾರ್ಡ್‌ಡಿಸ್ಕ್‌ಗೆ ಹಾಕುವ ಒಟ್ಟು ಕೆಲಸಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯಬಹುದು. ಅಷ್ಟು ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಐದು ನಿಮಿಷವೂ ನಿಲ್ಲದಿರುವುದೇ ಹೆಚ್ಚು. ಡಿಸ್ಕ್ ಭಾಗ ಮಾಡುತ್ತಿರುವಾಗ ಕರೆಂಟ್ ಹೋದರೆ ವಿಂಡೋಸ್‌ಗೂ ಅಪಾಯ. ಯುಪಿಎಸ್ ಇಲ್ಲದಿದ್ದರೆ ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕದೆ, ಮಳೆ ಬಿಡುವು ಕೊಟ್ಟು ಕರೆಂಟ್ ಪದೇ ಪದೇ ಹೋಗುವುದು ನಿಂತ ಮೇಲೆ ಒಂದು ಬೆಳಿಗ್ಗೆ ಕುಳಿತುಕೊಳ್ಳಿರಿ. ಅಲ್ಲಿಯವರೆಗೆ ಪೆನ್‌ಡ್ರೈವ್‌ನಲ್ಲೇ ಬಳಸಬಹುದು.