ನೂಂಗಾರ್ ಮಕ್ಕಳಿಗೆ ಬೇರೆ ಸಂಸ್ಥೆಗಳು ಏಕೆ?

ಪ್ರಶ್ನೆ: ನಾವು ಪರ್ತ್‌ನಲ್ಲಿ ನೆಲೆಸಿದ್ದೇವೆ. ಮಕ್ಕಳ ರಕ್ಷಣೆಗೆ ಇಲ್ಲಿ ಸರ್ಕಾರದ್ದೇ ಇಲಾಖೆ ಇದೆ, ನಿಯಮಗಳೂ ಬಿಗಿಯಾಗಿವೆ. ಹಾಗಿದ್ದೂ ಇಲ್ಲಿನ ಮೂಲನಿವಾಸಿಗಳಾದ ನೂಂಗಾರ್ ಕುಟುಂಬಗಳಿಗೆ ಅವರ ಸಮುದಾಯದವರೇ ನಡೆಸುವ ಸಂಸ್ಥೆಗಳು ಏಕೆ ಬೇಕು? ಇದು ವಿಶೇಷ ಸವಲತ್ತು ಆಗುವುದಿಲ್ಲವೇ?

ಉತ್ತರ: ಪರ್ತ್‌ಗೆ ಹೊಸದಾಗಿ ಬಂದ ನಮ್ಮವರಲ್ಲಿ ಈ ಪ್ರಶ್ನೆ ಏಳುವುದು ಸಹಜ. ಶಾಲೆಯ ಸಮಾರಂಭವಿರಲಿ, ಕಚೇರಿಯ ಸಭೆಯಿರಲಿ, ಇದು ವಾಜುಕ್ ನೂಂಗಾರ್ ಜನರ ನೆಲ ಎಂಬ ಮಾತಿನೊಂದಿಗೇ ಕಾರ್ಯಕ್ರಮ ಶುರುವಾಗುತ್ತದೆ. ಆ ಜನ ಇಂದು ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ನೈಋತ್ಯ ಭಾಗವೆಲ್ಲ ನೂಂಗಾರರ ನಾಡು. ಪರ್ತ್ ಸುತ್ತಲಿನವರು ವಾಜುಕ್, ಆಲ್ಬನಿ ಕಡೆಯವರು ಮೆನಾಂಗ್, ಹೀಗೆ ಅವರೊಳಗೇ ಹಲವು ಗುಂಪುಗಳಿವೆ.

ನೇರವಾಗಿ ಹೇಳುವುದಾದರೆ, ನೆರವು ಬೇಕಾದ ನೂಂಗಾರ್ ತಾಯಿ ಸರ್ಕಾರಿ ಇಲಾಖೆಯ ಬಳಿ ಹೋಗಲು ಹೆದರುತ್ತಾಳೆ. ನೆರವು ಕೇಳಿದರೆ ಮಗುವನ್ನೇ ಕಳೆದುಕೊಳ್ಳಬೇಕಾದೀತು ಎಂಬುದು ಆ ಭಯ. ಅದು ಬರಿಯ ಗುಮಾನಿಯಲ್ಲ. 1905ರ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ 16 ವರ್ಷದೊಳಗಿನ ಮೂಲನಿವಾಸಿ ಮಕ್ಕಳಿಗೆ ಕಾನೂನುಬದ್ಧ ಪಾಲಕ ‘ಮುಖ್ಯ ಸಂರಕ್ಷಕ’ ಎಂಬ ಸರ್ಕಾರಿ ಅಧಿಕಾರಿಯಾಗಿದ್ದ. ಹೆತ್ತವರು ಕಣ್ಣೆದುರಿಗೇ ಇದ್ದರೂ ಲೆಕ್ಕಕ್ಕಿರಲಿಲ್ಲ. ಪರ್ತ್‌ನ ಉತ್ತರಕ್ಕೆ, ಮೊಗಂಬರ್ ಬಳಿ 1918ರಲ್ಲಿ ಮೂಲನಿವಾಸಿಗಳಿಗಾಗಿ ಮೂರ್ ರಿವರ್ ಎಂಬ ಸರ್ಕಾರಿ ವಸಾಹತು ತೆರೆಯಿತು. ಒಂದೇ ಬೇಲಿಯ ಒಳಗೆ ದೊಡ್ಡವರು ಶಿಬಿರದಲ್ಲಿ, ಮಕ್ಕಳು ಡಾರ್ಮಿಟರಿಯಲ್ಲಿ. ರಾತ್ರಿಯಾದರೆ ಡಾರ್ಮಿಟರಿಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. 1915ರಿಂದ 1940ರವರೆಗೆ ಈ ಆಡಳಿತದ ಚುಕ್ಕಾಣಿ ಹಿಡಿದಿದ್ದ ಎ. ಒ. ನೆವಿಲ್, ಬಣ್ಣ ತಿಳಿಯಾದ ಮಕ್ಕಳನ್ನು ತಮ್ಮವರಿಂದ ದೂರವಿಟ್ಟು ಬಿಳಿಯರ ಸಮಾಜದಲ್ಲಿ ಕರಗಿಸಬೇಕೆಂದು ಬಹಿರಂಗವಾಗಿಯೇ ವಾದಿಸಿದ ಮನುಷ್ಯ.

ಇದೆಲ್ಲ ಹಳೆಯ ಕಥೆ ಎನ್ನುವಂತಿಲ್ಲ. ಹಾಗೆ ಬೆಳೆದವರು ಇಂದಿನ ಮಕ್ಕಳ ಅಜ್ಜಿಯರು, ಮುತ್ತಜ್ಜಿಯರು. ಮಕ್ಕಳನ್ನು ಹೀಗೆ ಹೆತ್ತವರಿಂದ ಬೇರ್ಪಡಿಸಿದ್ದಕ್ಕೆ ಆಗಿನ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಬದುಕುಳಿದವರಿಗೆ ಪರಿಹಾರ ಘೋಷಿಸಲು 2025 ಬರಬೇಕಾಯಿತು. ಇಷ್ಟಾದರೂ ಆ ರಾಜ್ಯದಲ್ಲಿ ಇಲಾಖೆಯ ಆಶ್ರಯದಲ್ಲಿರುವ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಮೂಲನಿವಾಸಿಗಳು. ರಾಜ್ಯದ ಒಟ್ಟು ಮಕ್ಕಳಲ್ಲಿ ಅವರು ಹತ್ತನೆಯ ಒಂದು ಪಾಲೂ ಇಲ್ಲ.

ಸಮುದಾಯದವರೇ ಬಂದರೆ ಏನು ಬದಲಾಗುತ್ತದೆ? ಇಂಥ ಕುಟುಂಬಗಳು ಆಗಾಗ ಸಿಕ್ಕಿಕೊಳ್ಳುವ ಒಂದು ಪರಿಸ್ಥಿತಿಯನ್ನೇ ನೋಡಿ. ನೆಂಟರಲ್ಲಿ ಸಾವಾಗಿದೆ. ಅಂತ್ಯಕ್ರಿಯೆಗೆ ದೂರದ ಊರುಗಳಿಂದ ಬಂದವರು ಸರ್ಕಾರಿ ಬಾಡಿಗೆ ಮನೆಯೊಂದರಲ್ಲಿ ಉಳಿದಿದ್ದಾರೆ. ಬಂದವರನ್ನು ಇಲ್ಲ ಎಂದು ಕಳುಹಿಸುವುದು ನೂಂಗಾರರಲ್ಲಿ ಆಗದ ಮಾತು (ನಮ್ಮಲ್ಲೂ ಆಗದು, ಆದರೆ ನಮ್ಮ ಮನೆಗೆ ಯಾರೂ ತಪಾಸಣೆಗೆ ಬರುವುದಿಲ್ಲ). ನಡುಮನೆಯಲ್ಲಿ ಹಾಸಿಗೆ ಹಾಸಿ ಮಕ್ಕಳೆಲ್ಲ ಸಾಲಾಗಿ ಮಲಗಿವೆ. ಗದ್ದಲವೆಂದು ಪಕ್ಕದ ಮನೆಯವರ ದೂರು ಹೋಗುತ್ತದೆ. 2011ರಿಂದ ಜಾರಿಗೆ ಬಂದ ಬಿಗಿ ನಿಯಮದಂತೆ ಇಂಥ ದೂರುಗಳು ಮೂರು ಸಲ ನಿಜವೆಂದು ದಾಖಲಾದರೆ ಮನೆ ಕೈತಪ್ಪುವ ಹಂತಕ್ಕೆ ಬರುತ್ತದೆ. ಮನೆ ಹೋಯಿತೆಂದರೆ ಮಕ್ಕಳು ‘ಅಪಾಯದಲ್ಲಿದ್ದಾರೆ’ ಎಂಬ ವರದಿ ತಾನಾಗಿ ಹಿಂದೆಯೇ ಬರುತ್ತದೆ. ಹೊರಗಿನ ಅಧಿಕಾರಿಯ ಕಣ್ಣಿಗೆ ಅದು ನಿರ್ಲಕ್ಷ್ಯ. ನೂಂಗಾರ್ ಕಾರ್ಯಕರ್ತೆಗೆ ಆ ಮಕ್ಕಳಲ್ಲಿ ಯಾರು ಯಾರ ಸೋದರಸಂಬಂಧಿ, ಯಾವ ಚಿಕ್ಕಮ್ಮನ ಮನೆಯಲ್ಲಿ ಇನ್ನಿಬ್ಬರಿಗೆ ಜಾಗ ಇದೆ ಎಂಬುದು ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೆ ಯಾರನ್ನು ಕೇಳಬೇಕೆಂಬುದಾದರೂ ಗೊತ್ತಿರುತ್ತದೆ. ವಸತಿ ಕಚೇರಿಯೊಂದಿಗೆ ಮಾತಾಡಿ, ಬಾಡಿಗೆ ಬಾಕಿಗೆ ಕಂತು ಹಾಕಿಸಿ, ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವಂತೆ ಮಾಡಿದರೆ ಎಷ್ಟೋ ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದೇ ಇಲ್ಲ.

ಪರ್ತ್‌ನಲ್ಲಿ ಈ ಕೆಲಸ ಮಾಡುವವರಲ್ಲಿ ಮುಖ್ಯವಾದದ್ದು ವುಂಗೆನಿಂಗ್ ಮೂರ್ಟ್. 1988ರಲ್ಲಿ ಮೂಲನಿವಾಸಿಗಳ ಮದ್ಯ ಮತ್ತು ಮಾದಕವ್ಯಸನ ಸೇವೆಯಾಗಿ ಹುಟ್ಟಿದ ವುಂಗೆನಿಂಗ್ ಸಂಸ್ಥೆ, ಕೂಲಬರೂ, ಎಬೆನೀಜರ್ ಮತ್ತು ಮೂರ್ಡಿಜ್ ಕೂರ್ಟ್ ಎಂಬ ಇನ್ನು ಮೂರು ಮೂಲನಿವಾಸಿ ಸಂಸ್ಥೆಗಳ ಜೊತೆಗೂಡಿ 2018ರಲ್ಲಿ ಇದನ್ನು ಆರಂಭಿಸಿತು. ಕಾರ್ಯಕರ್ತರು ಮನೆಗೇ ಹೋಗುತ್ತಾರೆ. ಮಕ್ಕಳು ಮನೆಯಿಂದ ಹೋಗದಂತೆ ನೋಡಿಕೊಳ್ಳುವುದು, ಹೋದವರು ಮರಳುವಂತೆ ಮಾಡುವುದು, ಎರಡೂ ಅವರ ಪಾಲಿಗೆ ಬರುತ್ತವೆ. ಮಗುವನ್ನು ಬೇರೆ ಮನೆಯಲ್ಲಿ ಇರಿಸಲೇಬೇಕಾದಾಗ ಯೋರ್ಗನಾಪ್ ಇದೆ. 1990ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಮೂಲನಿವಾಸಿ ಸಾಕು ಪೋಷಕರನ್ನು ಹುಡುಕಿ, ತರಬೇತಿ ಕೊಟ್ಟು, ಜೊತೆಗೆ ನಿಲ್ಲುತ್ತದೆ. ಆರೋಗ್ಯದ ವಿಷಯಕ್ಕೆ ಪರ್ತ್‌ನಲ್ಲಿ ಡರ್ಬಾರ್ಲ್ ಯೆರಿಗನ್, ಬನ್‌ಬರಿ ಕಡೆ ನೈಋತ್ಯ ಮೂಲನಿವಾಸಿ ವೈದ್ಯಕೀಯ ಸೇವೆ ಇವೆ.

ನೆಂಟರ ಮನೆಯಲ್ಲಿ ಬಿಟ್ಟರೆ ಮಗುವಿನ ಸುರಕ್ಷತೆಗೆ ಯಾರು ಹೊಣೆ ಎಂದು ಕೆಲವರು ಕೇಳುತ್ತಾರೆ. ಪೋಷಕರ ಹಿನ್ನೆಲೆ ತಪಾಸಣೆ, ಮನೆ ಪರಿಶೀಲನೆ ಇಲ್ಲೂ ಇವೆ. ಇದರಲ್ಲೊಂದು ತೊಡಕೂ ಉಂಟು: ಎಂದೋ ಯೌವನದಲ್ಲಿ ಆದ ಸಣ್ಣ ಶಿಕ್ಷೆಯ ದಾಖಲೆ, ಮೊಮ್ಮಗುವನ್ನು ಸಾಕಲು ಮುಂದೆ ಬಂದ ಅಜ್ಜಿಯ ದಾರಿಗೆ ಅಡ್ಡ ಬರಬಹುದು. ಆ ಕಾಗದಪತ್ರಗಳ ಕಾಡನ್ನು ಅಜ್ಜಿಯೊಬ್ಬಳೇ ದಾಟಲಾರಳು. ಇನ್ನು ಕಾನೂನಂತೂ ಸ್ಪಷ್ಟ. ರಾಜ್ಯದ 2004ರ ಮಕ್ಕಳ ಕಾಯ್ದೆಯ ಪ್ರಕಾರ ಮೂಲನಿವಾಸಿ ಮಗುವಿಗೆ ಮೊದಲ ಆಯ್ಕೆ ಸ್ವಂತ ಕುಟುಂಬದವರು, ಆಮೇಲೆ ಅದೇ ಸಮುದಾಯದವರು, ಆಮೇಲೆ ಇತರ ಮೂಲನಿವಾಸಿಗಳು. ಹೊರಗಿನವರ ಮನೆ ಕೊನೆಯ ಆಯ್ಕೆ.

ಕಾನೂನಿನಲ್ಲಿರುವುದೆಲ್ಲ ನಡೆಯುತ್ತದೆಯೇ? ಇಲ್ಲ. ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಅಧಿಕಾರದ ವಿಷಯ. ಸಮುದಾಯದ ಸಂಸ್ಥೆ ಸಲಹೆ ಕೊಡಬಹುದು, ಕುಟುಂಬದ ಸಭೆ ಕರೆಯಬಹುದು. ಮಗುವನ್ನು ಎಲ್ಲಿ ಇರಿಸಬೇಕೆಂಬ ಕೊನೆಯ ಮಾತು ಇಲಾಖೆಯದು ಮತ್ತು ಮಕ್ಕಳ ನ್ಯಾಯಾಲಯದ್ದು. ವಿಕ್ಟೋರಿಯಾ ರಾಜ್ಯ 2017ರಿಂದ ಕೆಲವು ಮಕ್ಕಳ ಪೂರ್ಣ ಹೊಣೆಯನ್ನೇ ಮೂಲನಿವಾಸಿ ಸಂಸ್ಥೆಗೆ ವಹಿಸುತ್ತಿದೆ. ಪಶ್ಚಿಮ ಆಸ್ಟ್ರೇಲಿಯಾದ ಹೆಜ್ಜೆ ನಿಧಾನ. ಇನ್ನೊಂದು ವಿಚಿತ್ರವೂ ಇದೆ: ವುಂಗೆನಿಂಗ್ ಮೂರ್ಟ್‌ನ ಮನೆ ಭೇಟಿಯ ಸೇವೆಗೆ ಕುಟುಂಬಗಳನ್ನು ಕಳುಹಿಸಿಕೊಡುವುದೂ ಇಲಾಖೆಯೇ. ಯಾರನ್ನು ಕಂಡು ಜನ ಬಾಗಿಲು ಮುಚ್ಚುತ್ತಾರೋ ಅವರ ಮೂಲಕವೇ ಈ ಬಾಗಿಲಿಗೂ ಬರಬೇಕು.

ನೀವು ಅಲ್ಲಿ ಶಿಕ್ಷಕಿಯೋ ನರ್ಸೋ ಆಗಿದ್ದರೆ ಒಂದು ಮಾತು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ವರದಿ ಮಾಡುವುದು ನಿಮ್ಮ ಕಾನೂನುಬದ್ಧ ಕರ್ತವ್ಯ, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಹರಿದ ಶೂ, ತಂದಿರದ ಊಟದ ಡಬ್ಬಿ, ತಪ್ಪಿದ ತರಗತಿ, ಇಂಥವಕ್ಕೆ ಮೊದಲು ನಿಮ್ಮ ಶಾಲೆಯಲ್ಲಿ ಮೂಲನಿವಾಸಿ ಶಿಕ್ಷಣ ಅಧಿಕಾರಿ ಇದ್ದಾರೆಯೇ ಎಂದು ವಿಚಾರಿಸಿ. ಹಲವು ಶಾಲೆಗಳಲ್ಲಿ ಇರುತ್ತಾರೆ, ಮತ್ತು ಆ ಮಗುವಿನ ಅಜ್ಜಿಯ ಪರಿಚಯ ಅವರಿಗೆ ಇರುವ ಸಾಧ್ಯತೆ ನಿಮಗಿಂತ ಹೆಚ್ಚು.